ಕಣ್ಣಳತೆ

ಮುಂಗಾರು ಗಾಳಿ ಬೀಸತೊಡಗಿದ ಮೇಲೆ ಕೋಲಾರದ ಯಾವ ಮಾಳಿಗೆಯ ಮೇಲೆ ನಿಂತು ನೋಡಿದರೂ ವಿಮಾನಗಳು ಪಡುವಣಕ್ಕೆ ಮುಖ ಮಾಡಿ, ದನಿ ತಗ್ಗಿಸಿಕೊಂಡು, ಒಂದರ ಹಿಂದೆ ಒಂದು ಇಳಿದುಹೋಗುವುದು ಕಾಣುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ಆಗ ನಮ್ಮ ಕಡೆಗೆ ಬರುವವು ಹೆಚ್ಚಾಗಿ ಏರುವ ವಿಮಾನಗಳು, ಗುಡುಗಿಕೊಂಡೇ ಬರುತ್ತವೆ. ವಿಮಾನ ಏರುವುದೂ ಗಾಳಿಗೆ ಎದುರಾಗಿ, ಇಳಿಯುವುದೂ ಗಾಳಿಗೆ ಎದುರಾಗಿ. ದೇವನಹಳ್ಳಿಯ ನಿಲ್ದಾಣದ ರನ್‌ವೇಗಳು ಮೂಡಣ ಪಡುವಣವಾಗಿ ಮಲಗಿವೆ. ನೇರ ಗೆರೆ ಎಳೆದರೆ ನಾವಿರುವುದು ಅವುಗಳ ಮೂಡಣಕ್ಕೆ ಸುಮಾರು 45 ಕಿಲೋಮೀಟರ್ ದೂರದಲ್ಲಿ. 2008ರ ಮೇ 24ರಂದು ಆ ನಿಲ್ದಾಣ ಶುರುವಾದ ಮೇಲೆ, ಬಟ್ಟೆ ಒಣಗಿಹಾಕಲು ಮಾಳಿಗೆ ಹತ್ತುವ ನಮ್ಮಂಥ ಹೆಂಗಸರಿಗೆ ಇದೊಂದು ಪಂಚಾಂಗವೇ ಆಗಿದೆ. ಇಳಿಯುತ್ತಿದ್ದರೆ ಪಡುವಣ ಗಾಳಿ, ಮೋಡ ಬಂದೀತು, ಹಪ್ಪಳ ಹರಡುವುದು ಬೇಡ. ಏರುತ್ತಿದ್ದರೆ ಮೂಡಣ ಗಾಳಿ, ಧೈರ್ಯವಾಗಿ ಹರಡಬಹುದು. ನಮ್ಮ ಪಕ್ಕದ ಮನೆಯಾಕೆ ಟಿ.ವಿ.ಯ ಹವಾಮಾನ ವರದಿಗಿಂತ ಇದನ್ನೇ ಹೆಚ್ಚು ನಂಬುತ್ತಾರೆ.

ಇಷ್ಟು ಬಿಟ್ಟರೆ ವಿಮಾನಕ್ಕೂ ನಮ್ಮ ಮನೆತನಕ್ಕೂ ಬೇರೆ ಸಂಬಂಧವೇನೂ ಇರಲಿಲ್ಲ, ತಂಗಿಯ ಮಗಳು ಪುಟ್ಟಿ ತಾನು ಪೈಲಟ್ ಆಗುತ್ತೇನೆಂದು ಹಟ ಹಿಡಿಯುವವರೆಗೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡರಲ್ಲೂ ಒಳ್ಳೆಯ ಅಂಕ ಬಂದಿತ್ತು. ಎಂಜಿನಿಯರಿಂಗ್ ಸೇರುತ್ತಾಳೆಂದು ನಾವೆಲ್ಲ ಅಂದುಕೊಂಡಿದ್ದರೆ ಅವಳು ಮನಸ್ಸಿನಲ್ಲಿ ಬೇರೆಯೇ ಲೆಕ್ಕ ಹಾಕಿಕೊಂಡಿದ್ದಳು. ಆ ಲೆಕ್ಕವೂ ಸಣ್ಣದಲ್ಲ, ಅರ್ಧ ಕೋಟಿಯ ಹತ್ತಿರ ಹೋಗುವಂಥದು. ಶ್ರೀನಿವಾಸಪುರದ ಬಳಿ ಅವಳಪ್ಪನಿಗೆ ಪಿತ್ರಾರ್ಜಿತವಾಗಿ ಬಂದ ಮಾವಿನ ತೋಪು ಒಂದಿತ್ತು. ಬಾದಾಮಿ, ತೋತಾಪುರಿ, ಬೇಲಿಯಂಚಿಗೆ ನಾಲ್ಕು ರಸಪೂರಿ ಮರ. ಅದನ್ನು ಮಾರಿದರು. ಸಾಲದ್ದಕ್ಕೆ ಬ್ಯಾಂಕಿನಲ್ಲಿ ಸಾಲ ಮಾಡಿದರು. ಮಾಲೂರಿನಲ್ಲಿ ಇಟ್ಟಿಗೆ ಗೂಡು ಇಟ್ಟಿರುವ ಅವಳ ದೊಡ್ಡಪ್ಪ, "ಅಷ್ಟು ದುಡ್ಡಿನಲ್ಲಿ ಹುಡುಗಿಗೆ ಭರ್ಜರಿಯಾಗಿ ಮದುವೆ ಮಾಡಿ, ಮಿಕ್ಕಿದ್ದರಲ್ಲಿ ಮಾಲೂರಲ್ಲಿ ಒಂದು ಸೈಟೂ ತಗೋಬಹುದಿತ್ತು" ಎಂದರು. ಅವಳಜ್ಜಿ ಇನ್ನೂ ಚುಟುಕಾಗಿ, "ತೋಪು ಮಾರಿ ಮೋಡ ಕೊಂಡರು" ಎಂದುಬಿಟ್ಟರು. ತಂಗಿ ಏನೂ ಅನ್ನಲಿಲ್ಲ. ಅವಳು ಮಾತಾಡದೆ ಇದ್ದಾಳೆಂದರೆ ಅದು ಒಪ್ಪಿಗೆಯೆಂದು ತಿಳಿಯಬಾರದು. ಅದು ನನಗೆ ಚಿಕ್ಕಂದಿನಿಂದ ಗೊತ್ತು.

ಪುಟ್ಟಿ ಹೊರರಾಜ್ಯದ ಒಂದು ತರಬೇತಿ ಶಾಲೆಗೆ ಸೇರಿದಳು. ಅದರ ಹೆಸರು ಇಲ್ಲಿ ಬೇಡ. ಲೈಸೆನ್ಸ್ ಸಿಗಬೇಕಾದರೆ 200 ಗಂಟೆ ಹಾರಿರಬೇಕು. ಅದರಲ್ಲಿ ಮೊದಲ ಗಡಿ ಎಂದರೆ ಪಕ್ಕದಲ್ಲಿ ಕಲಿಸುವವರು ಇಲ್ಲದೆ ಒಬ್ಬಳೇ ಮೇಲೇರಿ ಒಬ್ಬಳೇ ಇಳಿಯುವುದು. ಜೊತೆಯ ಹುಡುಗರು ಹದಿನೈದು ಇಪ್ಪತ್ತು ಗಂಟೆಗೆ ಆ ಗಡಿ ದಾಟಿದರು. ಇವಳಿಗೆ 27 ಗಂಟೆಯಾದರೂ ಆಗಲಿಲ್ಲ. ಏರುವುದು ಬಂತು, ತಿರುಗಿಸುವುದು ಬಂತು, ಇಳಿಸುವುದು ಬರಲಿಲ್ಲ. ಒಂದು ದಿನ ನೆಲಕ್ಕೆ ಮುಂಚೆಯೇ ಮೂಗೆತ್ತಿ ವಿಮಾನ ಗಾಳಿಯಲ್ಲಿ ತೇಲಿ ಧೊಪ್ಪನೆ ಬೀಳುವುದು, ಮರುದಿನ ಮೂಗೆತ್ತುವುದು ತಡವಾಗಿ ಚಕ್ರ ನೆಲಕ್ಕೆ ಬಡಿದು ಪುಟಿಯುವುದು. ಹೆಚ್ಚಿಗೆ ಹಾರಿದ ಗಂಟೆಗೆಲ್ಲ ಹೆಚ್ಚಿಗೆ ಹಣ. ಒಂದು ರಾತ್ರಿ ನನಗೆ ಫೋನ್ ಮಾಡಿದಳು. "ದೊಡ್ಡಮ್ಮ, ನನಗೆ ಕಣ್ಣಳತೆ ಇಲ್ವಂತೆ. ಅದು ಹುಟ್ಟಿನಿಂದ್ಲೇ ಬರ್ಬೇಕಂತೆ. ಇನ್ನು ಹತ್ತು ಗಂಟೆ ನೋಡ್ತಾರಂತೆ, ಆಮೇಲೆ ಮನೆಗೆ ಕಳಿಸ್ತಾರಂತೆ. ಅಮ್ಮನಿಗೆ ಹೇಳ್ಬೇಡ."

ಕಣ್ಣಳತೆ ಹುಟ್ಟಿನಿಂದ ಬರಬೇಕು ಎಂಬ ಮಾತು ನನಗೆ ಚುಚ್ಚಿತು. ಕಣ್ಣಳತೆಯಿಂದಲೇ ಸಂಸಾರ ತೂಗಿಸುವವರು ನಾವು. ನಮ್ಮತ್ತೆ ನೂರು ಜನರ ಹುಳಿಗೆ ಉಪ್ಪನ್ನು ಬೊಗಸೆಯಲ್ಲಿ ಹಾಕಿ, ರುಚಿ ಕೂಡ ನೋಡದೆ ಮುಚ್ಚಳ ಮುಚ್ಚುತ್ತಿದ್ದರು. ಬಳೆಗಾರ ಕೈ ಹಿಡಿಯುವ ಮೊದಲೇ ಇದು ಎರಡು ನಾಲ್ಕರ ಕೈ, ಇದು ಎರಡು ಆರರ ಕೈ ಎಂದು ಹೇಳುತ್ತಾನೆ. ಧನುರ್ಮಾಸದಲ್ಲಿ ಹದಿನೈದು ಚುಕ್ಕೆಯ ರಂಗೋಲಿಗೆ ಯಾರು ಸ್ಕೇಲು ಹಿಡಿಯುತ್ತಾರೆ? ಇದರಲ್ಲಿ ಯಾವುದೂ ಹುಟ್ಟಿನಿಂದ ಬಂದದ್ದಲ್ಲ. ಮದುವೆಯಾದ ಹೊಸದರಲ್ಲಿ ಹುಳಿಗೆ ಉಪ್ಪು ಹೆಚ್ಚಾಗಿ ಮಾವನವರು ಎಲೆ ಬಿಟ್ಟೆದ್ದದ್ದನ್ನು ನಮ್ಮತ್ತೆಯೇ ನಗುತ್ತಾ ಹೇಳುತ್ತಿದ್ದರು. ಪುಟ್ಟಿಗೆ ನಾನು ಹೇಳಿದೆ: "ನೋಡು, ನಾನು ಮೇಷ್ಟ್ರಮ್ಮ. ಮೂವತ್ತೊಂದು ವರ್ಷ ಪಾಠ ಹೇಳಿ ಗೊತ್ತಿರುವುದು ಒಂದೇ ವಿಷಯ, ಇನ್ನೊಬ್ಬರಿಗೆ ಬಿಡಿಸಿ ಹೇಳಲು ಬಂದರೆ ನಮಗೆ ಬಂದ ಹಾಗೆ. ವಿಮಾನ ಇಳಿಸುವಾಗ ಕಣ್ಣು ಏನನ್ನು ನೋಡಬೇಕು? ದಿನಾ ರಾತ್ರಿ ಒಂದೊಂದು ನನಗೆ ಅರ್ಥವಾಗುವ ಹಾಗೆ ಹೇಳು." ಹೀಗೆ ನಮ್ಮ ರಾತ್ರಿಶಾಲೆ ಶುರುವಾಯಿತು. ಅವಳು ಹೇಳಿದ್ದನ್ನೂ, ನಾನು ಆಮೇಲೆ ಅಲ್ಲಿ ಇಲ್ಲಿ ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತೇನೆ.

ದೂರದಿಂದ ಬರುವ ಪೈಲಟ್ ರನ್‌ವೇಯ ಮೇಲೆ ಒಂದು ಗುರುತನ್ನು ಹಿಡಿದುಕೊಳ್ಳುತ್ತಾನೆ. ದೊಡ್ಡ ರನ್‌ವೇಗಳಲ್ಲಿ ಅದಕ್ಕೆಂದೇ ಎರಡು ಅಗಲವಾದ ಬಿಳಿ ಪಟ್ಟೆ ಬಳಿದಿರುತ್ತಾರೆ. ಆ ಗುರುತು ಮುಂದಿನ ಗಾಜಿನಲ್ಲಿ ಇದ್ದ ಜಾಗದಲ್ಲೇ ಇದ್ದರೆ ವಿಮಾನ ಅಲ್ಲಿಗೇ ಹೋಗುತ್ತಿದೆ ಎಂದರ್ಥ. ಗುರುತು ಗಾಜಿನಲ್ಲಿ ಮೇಲಕ್ಕೆ ಸರಿಯತೊಡಗಿದರೆ ನಾವು ಅಲ್ಲಿಗೆ ಮುಟ್ಟದೆ ಮುಂಚೆಯೇ ನೆಲ ಸೇರುತ್ತೇವೆ. ಕೆಳಕ್ಕೆ ಸರಿದು ಮೂಗಿನಡಿ ಹೋಗತೊಡಗಿದರೆ ಅದನ್ನು ದಾಟಿ ಮುಂದೆ ಹೋಗುತ್ತೇವೆ. ಇಷ್ಟು ಕೇಳಿದಾಗ ನನಗೆ ನನ್ನ ಬಸ್ಸು ನೆನಪಾಯಿತು. ಕೋಲಾರದಿಂದ ಮುಳಬಾಗಿಲಿಗೆ ಅಷ್ಟು ವರ್ಷ ಓಡಾಡಿದ ನಾನು ಸಾಧ್ಯವಾದಾಗಲೆಲ್ಲ ಮುಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಟಮಕ ದಾಟಿದ ಮೇಲೆ ನೇರ ರಸ್ತೆಯಲ್ಲಿ ಬಸ್ಸು ಓಡುವಾಗ ಎದುರಿನ ಒಂದು ಬಿಂದು ಮಾತ್ರ ಅಲುಗಾಡದೆ ನಿಂತಿರುತ್ತದೆ; ಅದರ ಸುತ್ತಲಿನ ಮರ, ಮೈಲಿಗಲ್ಲು, ಹುಣಸೆ ತೋಪು, ಸೈಕಲ್ಲಿನವನು, ಎಲ್ಲವೂ ಅಲ್ಲಿಂದಲೇ ಹುಟ್ಟಿ ಎರಡೂ ಕಡೆಗೆ ಹರಿದುಹೋಗುತ್ತವೆ. ನೀವೂ ಇದನ್ನು ಕಂಡಿರುತ್ತೀರಿ. ಜೇಮ್ಸ್ ಗಿಬ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ವಾಯುಪಡೆಗಾಗಿ ಕೆಲಸ ಮಾಡುತ್ತಾ ಇದನ್ನೇ ಹಿಡಿದು ಯೋಚಿಸಿ, 1950ರಲ್ಲಿ ಒಂದು ಪುಸ್ತಕವನ್ನೇ ಬರೆದರು. ನಾವು ಎತ್ತ ಹೋಗುತ್ತಿದ್ದೇವೆ ಎಂಬುದನ್ನು ಕಣ್ಣಿಗೆ ಹೇಳುವುದು ಈ ಹರಿವೇ. ಹರಿವು ಎಲ್ಲಿಂದ ಹುಟ್ಟುತ್ತಿದೆಯೋ ಅದೇ ನಮ್ಮ ಗುರಿ.

ಗುರಿ ಸಿಕ್ಕಿತು, ಇನ್ನು ಇಳಿಜಾರು. ಇದಕ್ಕೆ ಪುಟ್ಟಿ ಮೂರು ಡಿಗ್ರಿ ಎಂದಳು. ಡಿಗ್ರಿಯಲ್ಲಿ ಹೇಳಿದರೆ ನನಗೆ ತಲೆಗೆ ಹೋಗದು. ಕಾಗದದ ಮೇಲೆ ಲೆಕ್ಕ ಮಾಡಿದೆ. ಹತ್ತೊಂಬತ್ತು ಹೆಜ್ಜೆ ಮುಂದೆ ಹೋದರೆ ಒಂದು ಹೆಜ್ಜೆ ಕೆಳಗೆ. ಬಚ್ಚಲಿಗೆ ಮೇಸ್ತ್ರಿ ಕೊಡುವ ವಾಟಕ್ಕಿಂತ ಹೆಚ್ಚು, ಮಾಳಿಗೆ ಮೆಟ್ಟಿಲಿಗಿಂತ ತೀರ ಕಡಿಮೆ. ಬರಿ ಈ ಲೆಕ್ಕದಲ್ಲಿ ಹೋದರೆ ಕೋಲಾರದ ನೇರಕ್ಕೆ ಬಂದಾಗ ವಿಮಾನ ಎರಡು ಕಿಲೋಮೀಟರಿಗಿಂತ ತುಸು ಎತ್ತರದಲ್ಲಿರಬೇಕು. ಆದರೆ ವಾಟ ಸರಿಯಿದೆಯೆಂದು ಕಣ್ಣಿಗೆ ಹೇಗೆ ತಿಳಿಯುತ್ತದೆ? ರನ್‌ವೇಯ ಆಕಾರದಿಂದ. ಹಜಾರದಲ್ಲಿ ಉದ್ದನೆಯ ಜಮಖಾನ ಹಾಸಿ ಅದರ ಒಂದು ತುದಿಯಲ್ಲಿ ಸ್ಟೂಲಿನ ಮೇಲೆ ನಿಂತು ನೋಡಿ, ಉದ್ದವಾಗಿ ಕಾಣುತ್ತದೆ. ಅಲ್ಲೇ ನೆಲಕ್ಕೆ ಕೆನ್ನೆಯಿಟ್ಟು ನೋಡಿ, ಕುಗ್ಗಿ ಒಂದು ಗಿಡ್ಡ ಪಟ್ಟೆಯಾಗುತ್ತದೆ. ಪೈಲಟ್ಟಿಗೂ ಅಷ್ಟೇ: ರನ್‌ವೇ ಉದ್ದುದ್ದಕ್ಕೆ ಎದ್ದು ನಿಂತಂತೆ ಕಂಡರೆ ತಾನು ಹೆಚ್ಚು ಮೇಲಿದ್ದೇನೆ, ಗಿಡ್ಡವಾಗಿ ಚಪ್ಪಟೆಯಾಗಿ ಕಂಡರೆ ಹೆಚ್ಚು ಕೆಳಗಿದ್ದೇನೆ. ಸರಿಯಾದ ಆಕಾರವನ್ನು ಸಾವಿರ ಸಲ ನೋಡಿ ನೋಡಿ ಕಣ್ಣಿನಲ್ಲಿ ಅಚ್ಚು ಒತ್ತಿಸಿಕೊಳ್ಳಬೇಕು. ಚಕ್ಕುಲಿ ಒರಳಿನ ಅಚ್ಚಿನ ಹಾಗೆ ಎಂದು ಪುಟ್ಟಿಯೇ ಹೇಳಿದಳು. ಹಾಸ್ಟೆಲಿನಲ್ಲಿ ಅವಳಿಗೆ ತಿಂಡಿಯ ಧ್ಯಾನ.

ಅಚ್ಚು ಬಿದ್ದ ಮೇಲೂ ಕಣ್ಣು ಮೋಸ ಮಾಡುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳಿದ್ದಾರೆಯೆ? ಅಗಲ ರನ್‌ವೇಗೆ ಒಗ್ಗಿದ ಕಣ್ಣಿಗೆ ಕಿರಿದಾದ ರನ್‌ವೇ ದೂರದಲ್ಲಿರುವಂತೆ ಕಾಣುತ್ತದೆ. ತಾನು ಬಹಳ ಮೇಲಿದ್ದೇನೆಂದು ಭ್ರಮಿಸಿ ಪೈಲಟ್ ಬೇಗ ಇಳಿಸಿಬಿಡುತ್ತಾನೆ. ಮುಂದಕ್ಕೆ ಏರಾಗಿರುವ ರನ್‌ವೇಯೂ ಇದೇ ಮೋಸ ಮಾಡುತ್ತದೆ. ರಾತ್ರಿಯಂತೂ ಇನ್ನೂ ಕಷ್ಟ. ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು, ಸುತ್ತ ಕತ್ತಲಿದ್ದು ಒಂದೇ ದೀಪ ಉರಿಯುತ್ತಿದ್ದರೆ ಅದು ಇಲ್ಲೇ ಇದೆ ಎನಿಸುತ್ತದೆ, ನಡೆದಷ್ಟೂ ಹಿಂದೆ ಸರಿಯುತ್ತದೆ. ಕತ್ತಲ ಬಯಲಿನ ಆಚೆ ರನ್‌ವೇಯ ದೀಪಗಳಷ್ಟೇ ಕಾಣುವಾಗ ನುರಿತ ಪೈಲಟ್ಟುಗಳೂ ಬೇಕಾದ್ದಕ್ಕಿಂತ ಕೆಳಗೆ ಇಳಿದುಬಿಡುತ್ತಾರೆಂದು 1960ರ ದಶಕದಲ್ಲಿ ಬೋಯಿಂಗ್ ಕಂಪನಿಯ ಕಾನ್ರಾಡ್ ಕ್ರಾಫ್ಟ್ ಎಂಬುವರು ಪ್ರಯೋಗ ಮಾಡಿ ತೋರಿಸಿದರು. ಅದಕ್ಕೇ ಈಗ ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳ ಸಾಲು ಇಟ್ಟಿರುತ್ತಾರೆ. ಪ್ರತಿ ದೀಪದ ಬೆಳಕು ಮೇಲುಭಾಗದಲ್ಲಿ ಬಿಳಿ, ಕೆಳಭಾಗದಲ್ಲಿ ಕೆಂಪು. ನಾಲ್ಕನ್ನೂ ಒಂದೊಂದು ಕೋನಕ್ಕೆ ತಿರುಗಿಸಿಟ್ಟಿರುವುದರಿಂದ ಸರಿಯಾದ ವಾಟದಲ್ಲಿ ಬರುವವನಿಗೆ ಎರಡು ಬಿಳಿ, ಎರಡು ಕೆಂಪು ಕಾಣುತ್ತವೆ. ನಾಲ್ಕೂ ಬಿಳಿಯಾದರೆ ಎತ್ತರ ಹೆಚ್ಚಾಯಿತು. ನಾಲ್ಕೂ ಕೆಂಪಾದರೆ ಅಪಾಯ. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಏರ್ಪಾಡು ಇದು.

ಅದಕ್ಕೂ ಹಿಂದಿನ ಇನ್ನೊಂದು ಏರ್ಪಾಡಿನ ಕಥೆ ನಮ್ಮ ಓದುಗರಿಗೆ ಹೇಳಲೇಬೇಕು. ಯುದ್ಧನೌಕೆಯ ಮೇಲೆ ವಿಮಾನ ಇಳಿಸುವುದೆಂದರೆ ತೇಲುವ, ತೂಗುವ, ಓಡುವ ರನ್‌ವೇಯ ಮೇಲೆ ಇಳಿಸುವುದು. 1951ರಲ್ಲಿ ಬ್ರಿಟಿಷ್ ನೌಕಾಪಡೆಯ ನಿಕ್ ಗುಡ್‌ಹಾರ್ಟ್ ಎಂಬ ಅಧಿಕಾರಿ ಇದಕ್ಕೊಂದು ಉಪಾಯ ಹುಡುಕುತ್ತಿದ್ದರು. ಆಫೀಸಿನ ಸೆಕ್ರೆಟರಿಯ ಕೈಚೀಲದಿಂದ ಮುಖ ನೋಡುವ ಪುಟ್ಟ ಕನ್ನಡಿ, ಲಿಪ್‌ಸ್ಟಿಕ್ ಎರಡನ್ನೂ ಕೇಳಿ ಪಡೆದು, ಕನ್ನಡಿಯ ನಡುವೆ ಅಡ್ಡಗೆರೆ ಎಳೆದು ಮೇಜಿನ ಮೇಲೆ ನಿಲ್ಲಿಸಿದರಂತೆ. ಎದುರಿಗೆ ಒಂದು ದೀಪ. ಕನ್ನಡಿಯಲ್ಲಿ ಕಾಣುವ ದೀಪದ ಚುಕ್ಕೆ ಲಿಪ್‌ಸ್ಟಿಕ್ ಗೆರೆಯ ಮೇಲೆಯೇ ಇರುವಂತೆ ನೋಡಿಕೊಂಡು ನಡೆದು ಬಾ ಎಂದು ಆಕೆಗೆ ಹೇಳಿದರು. ಆಕೆ ಚುಕ್ಕೆ ತಪ್ಪದಂತೆ ನಡೆಯುತ್ತಾ ಬಗ್ಗುತ್ತಾ ಬಂದು ಕೊನೆಗೆ ಗಲ್ಲವನ್ನು ಸರಿಯಾಗಿ ಮೇಜಿನ ಮೇಲೆ ತಂದಿಟ್ಟರಂತೆ. ಅಲ್ಲಿಂದ ಹುಟ್ಟಿದ್ದು ನೌಕೆಗಳ ಕನ್ನಡಿ ದೀಪ. ಕಾರವಾರವನ್ನು ನೆಲೆಯಾಗಿಸಿಕೊಂಡಿರುವ ನಮ್ಮ ವಿಕ್ರಮಾದಿತ್ಯ ನೌಕೆಯ ಮೇಲೆ 2020ರ ಜನವರಿ 11ರಂದು ಬೆಂಗಳೂರಿನ ತೇಜಸ್ ವಿಮಾನದ ನೌಕಾ ಮಾದರಿ ಮೊದಲ ಸಲ ಇಳಿಯಿತಲ್ಲ, ಅಂಥ ನೌಕೆಗಳಲ್ಲಿ ಇಂದು ಪೈಲಟ್ಟಿಗೆ ದಾರಿ ತೋರುವ ಬೆಳಕುಗಳೆಲ್ಲ ಆ ಕನ್ನಡಿಯ ಸಂತತಿಯೇ. ಕೈಚೀಲದಲ್ಲಿ ಏನೇನು ತುಂಬಿಕೊಂಡಿದ್ದೀಯೆ ಎಂದು ಗಂಡಸರು ರೇಗಿದರೆ ಈ ಕಥೆ ಹೇಳಿ.

ನಗುವಿನ ಮಾತು ಆಯಿತು. ಆದರೆ ತಂಗಿ ಆ ದಿನಗಳಲ್ಲಿ ಏನನ್ನು ನೆನೆದು ನಿದ್ದೆಗೆಡುತ್ತಿದ್ದಳೆಂದು ನನಗೆ ಗೊತ್ತಿತ್ತು. 1990ರ ಫೆಬ್ರವರಿ 14ರಂದು ಬೊಂಬಾಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಇನ್ನೇನು ಮುಟ್ಟಬೇಕು, ರನ್‌ವೇಗಿಂತ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ, ದಿಬ್ಬಕ್ಕೆ ಬಡಿದು ಉರಿಯಿತು. ಒಳಗಿದ್ದ 146 ಜನರಲ್ಲಿ 92 ಜನ ತೀರಿಕೊಂಡರು. ಮಧ್ಯಾಹ್ನದ ಬಿಸಿಲು, ತಿಳಿಯಾದ ಆಕಾಶ, ಕಣ್ಣೆದುರಿಗೇ ರನ್‌ವೇ. ಕಣ್ಣಿನಿಂದಲೇ ನೋಡಿಕೊಂಡು ಇಳಿಸುತ್ತಿದ್ದರು. ಆದರೆ ಎಂಜಿನ್ನುಗಳು ಅತಿ ಕಡಿಮೆ ಶಕ್ತಿಯಲ್ಲಿ ಓಡುತ್ತಿದ್ದವು. ವೇಗವೂ ಎತ್ತರವೂ ಕರಗುತ್ತಿರುವುದು ಸಮಯಕ್ಕೆ ಗಮನಕ್ಕೆ ಬರಲಿಲ್ಲ. ಗುರುತು ಗಾಜಿನಲ್ಲಿ ಮೇಲಕ್ಕೆ ಸರಿಯುವುದು ಎಂದರೆ ಏನೆಂದು ನನಗೆ ಮೈ ಜುಮ್ಮೆನ್ನುವಂತೆ ಅರ್ಥವಾದದ್ದು ಇದನ್ನು ಮತ್ತೆ ಓದಿದಾಗ.

ಮಂಗಳೂರಿನದು ಇದಕ್ಕೆ ತಿರುಗುಮುರುಗು. ಬಜಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ತಟ್ಟಿ ಮಾಡಿದ ಮೇಜಿನಂಥದು. ಅಂಚು ದಾಟಿದರೆ ಕಣಿವೆ. 2010ರ ಮೇ 22ರ ಬೆಳಿಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇರಬೇಕಾದ್ದರ ಸುಮಾರು ಎರಡು ಪಟ್ಟು ಎತ್ತರದಲ್ಲಿತ್ತು. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿ ಎದ್ದವರು. ಸಹಪೈಲಟ್ ಇಳಿಸುವುದು ಬೇಡ, ಮತ್ತೆ ಮೇಲೇರಿ ಸುತ್ತಿ ಬರೋಣ ಎಂದು ಮೂರು ಸಲ ಹೇಳಿದರು. ಆದರೂ ಇಳಿಸಿದರು. ಸುಮಾರು 8,000 ಅಡಿಯ ರನ್‌ವೇಯಲ್ಲಿ 5,200 ಅಡಿ ಕಳೆದ ಮೇಲೆ ಚಕ್ರ ನೆಲ ಮುಟ್ಟಿತು. ಉಳಿದ ದಾರಿ ಸಾಲಲಿಲ್ಲ. 166 ಜನರಲ್ಲಿ ಬದುಕಿದವರು ಎಂಟೇ ಜನ. ಆ ಬೆಳಿಗ್ಗೆ ಕರಾವಳಿಯ ಎಷ್ಟು ಮನೆಗಳಲ್ಲಿ ಗಲ್ಫಿನಿಂದ ಬರುವವರಿಗಾಗಿ ಒಲೆಯ ಮೇಲೆ ನೀರು ಕಾದಿತ್ತೋ!

ಪುಟ್ಟಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು, ಪಾಠದಲ್ಲೇ ಇತ್ತಂತೆ. "ಮೇಲೇರಿ ಸುತ್ತಿ ಬರೋದಕ್ಕೆ ನಾಚಿಕೆ ಪಡಬಾರದು ದೊಡ್ಡಮ್ಮ. ಅದನ್ನ ಎಲ್ಲಕ್ಕಿಂತ ಮೊದಲು ಕಲಿಸ್ತಾರೆ" ಎಂದಳು. ಅವಳು ಹಾಗೆ ಸುತ್ತಿ ಬಂದದ್ದು ಎಷ್ಟು ಸಲವೋ, ಬೆಳಿಗ್ಗೆಯ ಹುಡುಗರು ಗುಂಪಾಗಿ ನಿಂತು ಎಣಿಸುತ್ತಿದ್ದರಂತೆ. ಎಣಿಸಿಕೊಳ್ಳಲಿ, ಎಂದೆ.

ಇನ್ನು ಜೇನುಹುಳುವಿನ ವಿಷಯ. ಇದನ್ನು ಪುಟ್ಟಿ ಹೇಳಿದ್ದಲ್ಲ, ನಾನೇ ಅವಳಿಗೆ ಹೇಳಿದ್ದು. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುಂದುವರಿಸಿ, ಅಮೆರಿಕದಲ್ಲಿ ಪಿಎಚ್‌ಡಿ ಮಾಡಿ, ಆಸ್ಟ್ರೇಲಿಯಾದಲ್ಲಿ ನೆಲೆಸಿದ ಮಂಡ್ಯಂ ಶ್ರೀನಿವಾಸನ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಜೇನುಹುಳು ಹೇಗೆ ಇಳಿಯುತ್ತದೆಂದು ನೋಡುತ್ತಾ ಕೂತರು. ಹುಳುವಿಗೆ ಎತ್ತರ ಅಳೆಯುವ ಯಂತ್ರವಿಲ್ಲ, ಅದರ ಎರಡು ಕಣ್ಣೂ ಒಂದಕ್ಕೊಂದು ತೀರ ಹತ್ತಿರ ಇರುವುದರಿಂದ ನಮ್ಮ ಹಾಗೆ ಎರಡೂ ಕಣ್ಣು ಸೇರಿಸಿ ದೂರ ತಿಳಿಯುವುದೂ ಕಷ್ಟ. ಅದು ಮಾಡುವುದು ಇಷ್ಟೇ: ಕೆಳಗಿನ ನೆಲ ಕಣ್ಣಿನಲ್ಲಿ ಎಷ್ಟು ಬೇಗ ಹರಿಯುತ್ತಿದೆಯೋ ಆ ಹರಿವನ್ನು ಒಂದೇ ಸಮನಾಗಿ ಇಟ್ಟುಕೊಳ್ಳುತ್ತದೆ. ನೆಲ ಹತ್ತಿರವಾದಷ್ಟೂ ಹರಿವು ಜೋರಾಗಬೇಕು. ಜೋರಾಗದಂತೆ ನೋಡಿಕೊಳ್ಳಲು ಹುಳು ತನ್ನ ವೇಗ ತಗ್ಗಿಸುತ್ತದೆ. ಹಾಗೆ ತಗ್ಗಿಸುತ್ತಾ ತಗ್ಗಿಸುತ್ತಾ ನೆಲ ಮುಟ್ಟುವ ಹೊತ್ತಿಗೆ ವೇಗ ಇಲ್ಲವೆನ್ನುವಷ್ಟಾಗಿರುತ್ತದೆ. 2000ದಲ್ಲಿ ಅವರೂ ಜೊತೆಯವರೂ ಇದನ್ನು ಪ್ರಕಟಿಸಿದರು. 2006ರಲ್ಲಿ ಆಸ್ಟ್ರೇಲಿಯಾದ ಪ್ರಧಾನಮಂತ್ರಿಗಳ ವಿಜ್ಞಾನ ಪ್ರಶಸ್ತಿಯೂ ಅವರಿಗೆ ಬಂತು. ಮಾವಿನ ಹೂವಿನ ಕಾಲದಲ್ಲಿ ಶ್ರೀನಿವಾಸಪುರದ ತೋಪುಗಳಲ್ಲಿ ಹುಳುಹುಪ್ಪಟೆ ಝೇಂಕರಿಸುವಾಗ ಅವುಗಳಲ್ಲಿ ಒಂದಕ್ಕಾದರೂ ಕಣ್ಣಳತೆ ಇಲ್ಲವೆಂದು ಯಾರೂ ಹೇಳಿಲ್ಲ.

ಪುಟ್ಟಿಯ ತೊಡಕು ಇದ್ದದ್ದು ಕೊನೆಯ ಹತ್ತಿಪ್ಪತ್ತು ಅಡಿಯಲ್ಲಿ. ಅಲ್ಲಿಯವರೆಗೆ ವಿಮಾನ ಇಳಿಜಾರಿನಲ್ಲಿ ಬರುತ್ತದೆ. ಅಲ್ಲಿ ಮೂಗನ್ನು ಮೆಲ್ಲಗೆ ಎತ್ತಿ ಇಳಿಜಾರನ್ನು ಸಮ ಮಾಡಿ ಹಿಂದಿನ ಚಕ್ರಗಳ ಮೇಲೆ ಕೂರಿಸಬೇಕು. ದೊಡ್ಡ ವಿಮಾನದಲ್ಲಿ ಐವತ್ತು, ನಲವತ್ತು, ಮೂವತ್ತು ಎಂದು ಯಂತ್ರವೇ ಕೂಗಿ ಹೇಳುತ್ತದೆ. ಕಲಿಯುವವರ ಪುಟ್ಟ ವಿಮಾನದಲ್ಲಿ ಕೂಗುವವರು ಯಾರೂ ಇಲ್ಲ. ಅಲ್ಲಿ ಕಣ್ಣನ್ನು ಹತ್ತಿರದ ನೆಲದಿಂದ ಎತ್ತಿ ರನ್‌ವೇಯ ಆ ತುದಿಗೆ ಕಳಿಸಬೇಕು. ಆಗ ಎರಡೂ ಪಕ್ಕದ ಅಂಚುಗಳು ಅಗಲವಾಗುತ್ತಾ ಕಿವಿಯ ಹತ್ತಿರಕ್ಕೆ ಏರಿಬರುವುದು ಕಡೆಗಣ್ಣಿಗೆ ತಿಳಿಯುತ್ತದೆ, ಎತ್ತರ ಎಷ್ಟೆಂದು ಅದೇ ಹೇಳುತ್ತದೆ. ಹತ್ತಿರದ ನೆಲವನ್ನೇ ನೋಡಿದರೆ ಅದು ಬರಿ ಮಬ್ಬಾದ ಗೆರೆ. ಹಿಂದೆ ನಾನು ಟಿವಿಎಸ್ ಕಲಿಯುವಾಗ ನಮ್ಮ ರೂಟಿನ ಬಸ್ ಡ್ರೈವರ್ ಒಬ್ಬರು, "ಟೀಚರಮ್ಮಾ, ಚಕ್ರ ನೋಡ್ಬೇಡಿ, ದಾರಿ ನೋಡಿ" ಎಂದದ್ದು ಇದನ್ನೇ. ಇದನ್ನು ಪುಟ್ಟಿಗೆ ಹೇಳಿದರೆ, "ಗೊತ್ತು ದೊಡ್ಡಮ್ಮ. ಆದರೆ ಮೂಗೆತ್ತಿದ ತಕ್ಷಣ ನನಗೆ ಆ ತುದಿ ಕಾಣೋದೇ ಇಲ್ಲ" ಎಂದಳು.

ಕಾಣುವುದೇ ಇಲ್ಲ ಎಂದರೆ? ನಾನು ಕೇಳಿದೆ. ಅವಳು ಸುಮ್ಮನಾದಳು. ಪುಟ್ಟಿಯ ಎತ್ತರ ಐದಡಿಯ ಮೇಲೆ ಒಂದು ಇಂಚು, ನಮ್ಮ ಮನೆತನವೇ ಗಿಡ್ಡ. ಆ ಶಾಲೆಯ ವಿಮಾನಗಳಲ್ಲಿ ಕೆಲವದರ ಸೀಟು ಮೇಲೆ ಕೆಳಗೆ ಆಗುತ್ತಿತ್ತು, ಕೆಲವದರದ್ದು ಕೆಟ್ಟು ನಿಂತಿತ್ತು. ಒಂದೊಂದು ದಿನ ಒಂದೊಂದು ವಿಮಾನ. ಕಣ್ಣು ಇರುವ ಎತ್ತರ ದಿನಕ್ಕೊಂದು ರೀತಿಯಾದರೆ ಅಚ್ಚು ಎಲ್ಲಿ ಬೀಳುತ್ತದೆ? ಹೊಸದಾಗಿ ಬಂದ ಇನ್ನೊಬ್ಬರು ಮೇಷ್ಟ್ರು, ಅವರೂ ಹೆಂಗಸೇ, ಅವಳ ಪಕ್ಕ ಕೂತ ಮೊದಲ ದಿನವೇ ಇದನ್ನು ಕಂಡುಹಿಡಿದರು. ಹಾರಿಸಲೇ ಇಲ್ಲವಂತೆ. ವಿಮಾನವನ್ನು ರನ್‌ವೇಯ ತುದಿಯಲ್ಲಿ ನಿಲ್ಲಿಸಿ, "ನೋಡು, ಚಕ್ರ ನೆಲದ ಮೇಲಿದ್ದಾಗ ಕಾಣುವುದು ಇದು. ಇಳಿದು ಮುಟ್ಟುವಾಗಲೂ ಹೆಚ್ಚುಕಡಿಮೆ ಇದೇ ಕಾಣಬೇಕು. ನಿನಗೆ ಏನು ಕಾಣುತ್ತದೆ ಹೇಳು" ಎಂದರಂತೆ. ಪುಟ್ಟಿಗೆ ಕಂಡದ್ದು ಹೆಚ್ಚಾಗಿ ವಿಮಾನದ ಮೂಗು. ದೊಡ್ಡ ವಿಮಾನಗಳ ಕೆಲವದರಲ್ಲಿ ಇದಕ್ಕೆಂದೇ ಎದುರು ಗಾಜಿನ ನಡುವೆ ಪುಟ್ಟ ಗುಂಡುಗಳನ್ನು ಇಟ್ಟಿರುತ್ತಾರಂತೆ. ಒಂದು ಗುಂಡು ಇನ್ನೊಂದನ್ನು ಸರಿಯಾಗಿ ಮರೆಮಾಡುವಂತೆ ಪೈಲಟ್ ತನ್ನ ಸೀಟನ್ನು ಹೊಂದಿಸಿಕೊಂಡರೆ ಕಣ್ಣು ಇರಬೇಕಾದ ಜಾಗಕ್ಕೆ ಬಂದ ಹಾಗೆ. ಪುಟ್ಟ ವಿಮಾನಕ್ಕೆ ಆ ವೈಭವವಿಲ್ಲ. ಆಕೆ ಕೊಟ್ಟ ಔಷಧಿ: ಒಂದು ದಿಂಬು. ಮೆತ್ತಗಿರಬಾರದು, ಜಾರಬಾರದು, ಯಾವ ವಿಮಾನವಾದರೂ ಅದೇ ಇರಬೇಕು.

ಆ ರಾತ್ರಿಯೇ ನಾನು ಹೊಲಿಗೆ ಮಿಷನ್ ಮುಂದೆ ಕೂತೆ. ಹತ್ತಿ ತುಂಬಿದರೆ ವಾರಕ್ಕೆ ಕುಗ್ಗುತ್ತದೆ, ಬೇಡ. ಹಳೆಯ ಜಮಖಾನ ಒಂದಿತ್ತು, ತವರಿನದು. ಅದನ್ನು ಕತ್ತರಿಸಿ ಪದರ ಪದರ ಮಡಿಚಿ, ಕೈದಾರ ಹಾಕಿ ಬಿಗಿದು, ಎರಡೂವರೆ ಇಂಚು ದಪ್ಪಕ್ಕೆ ತಂದು, ಒರಟು ಖಾದಿಯ ಗವಸು ಹಾಕಿ, ಸೀಟಿಗೆ ಕಟ್ಟಲು ನಾಲ್ಕು ಮೂಲೆಗೂ ಲಾಡಿ ಹೊಲಿದೆ. ಕೊರಿಯರಿನ ಹುಡುಗ ತೂಕ ಹಾಕಿ, ಒಳಗೇನಿದೆ ಎಂದು ಕೇಳಿದ. ವಿಮಾನದ ಬಿಡಿಭಾಗ ಎಂದೆ.

ದಿಂಬು ಕಟ್ಟಿದ ದಿನವೇ ಹುಡುಗಿ ಗರುಡನಂತೆ ಇಳಿದಳು ಎಂದು ಬರೆದರೆ ಓದಲು ಚೆನ್ನ, ಆದರೆ ಹಾಗಾಗಲಿಲ್ಲ. ಹಳೆಯ ಅಭ್ಯಾಸ ಬಿಡಲು ನಾಲ್ಕು ದಿನ ಹಿಡಿಯಿತು. ಹೊಸ ಎತ್ತರದಿಂದ ನೋಡುವಾಗ ಮೊದಮೊದಲು ಇನ್ನೂ ಕೆಟ್ಟದಾಗಿ ಇಳಿಸಿದಳಂತೆ. ಕೊಟ್ಟ ಹತ್ತು ಗಂಟೆಯಲ್ಲಿ ಆರು ಮುಗಿದಿದ್ದವು. 33ನೇ ಗಂಟೆ ಮುಗಿಸಿ ಇಳಿದ ಬೆಳಿಗ್ಗೆ ಆ ಮೇಷ್ಟ್ರು ಬಾಗಿಲು ತೆಗೆದು, ತಮ್ಮ ಬೆಲ್ಟು ಬಿಚ್ಚಿ, ತಾವು ಇಳಿದು, ಹೋಗಿ ಬಾ ಎಂದರು. ಒಂದು ಸುತ್ತು. ಆರೋ ಏಳೋ ನಿಮಿಷ. ಅವಳು ಅದನ್ನು ಅಮ್ಮನಿಗೆ ಮೊದಲು ಹೇಳಿದಳು, ಆಮೇಲೆ ನನಗೆ. ಅದು ಸರಿಯಾದದ್ದೇ. ತಂಗಿ ಮಾತ್ರ ನನಗೆ ಫೋನ್ ಮಾಡಿ, "ಅಕ್ಕ, ಇಷ್ಟು ದಿನ ಏನು ಮುಚ್ಚಿಟ್ಟಿದ್ದಿರಿ ನೀವಿಬ್ಬರೂ?" ಎಂದು ಕೇಳಿದಳು. ಗೊತ್ತಿತ್ತು ಅವಳಿಗೆ.

ಸರಳಾ ಠಕ್ರಾಲ್ ಎಂಬಾಕೆ 1936ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ, ಮನೆಯಲ್ಲಿ ನಾಲ್ಕು ವರ್ಷದ ಮಗಳನ್ನು ಬಿಟ್ಟು ಸೀರೆಯುಟ್ಟುಕೊಂಡೇ ಜಿಪ್ಸಿ ಮಾತ್ ವಿಮಾನವನ್ನು ಒಬ್ಬರೇ ಹಾರಿಸಿದ್ದರು. 2021ರ ಜನವರಿ 11ರಂದು ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಧ್ರುವದ ಮೇಲೆ ಹಾರಿ ಬಂದು ನಮ್ಮ ಬೆಂಗಳೂರಿನಲ್ಲಿ ಇಳಿದ ಏರ್ ಇಂಡಿಯಾ ವಿಮಾನದ ಮುಂದಿನ ಕೋಣೆಯಲ್ಲಿ ಇದ್ದವರೆಲ್ಲ ಹೆಂಗಸರೇ, ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಅವರ ಮುಂದಾಳತ್ವ. ಹೆಂಗಸರಿಗೆ ಕಣ್ಣಳತೆ ಸಾಲದು ಎನ್ನುವವರು ಈ 85 ವರ್ಷಗಳಲ್ಲಿ ಎಲ್ಲಿದ್ದರೋ ತಿಳಿಯದು. ಪ್ರಪಂಚದ ಬೇರೆ ಕಡೆಗಳಿಗೆ ಹೋಲಿಸಿದರೆ ಪೈಲಟ್ಟುಗಳಲ್ಲಿ ಹೆಂಗಸರ ಪಾಲು ನಮ್ಮ ದೇಶದಲ್ಲಿ ಹೆಚ್ಚು. ಇದನ್ನು ಮಾಲೂರಿನ ದೊಡ್ಡಪ್ಪನವರಿಗೆ ಹೇಳಿದಾಗ ಅವರು ಇಟ್ಟಿಗೆಯ ಬೆಲೆ ಮಾತಾಡತೊಡಗಿದರು.

ಪುಟ್ಟಿಯ 200 ಗಂಟೆ ಮುಗಿದು ಲೈಸೆನ್ಸ್ ಬಂದಿದೆ. ಕೆಲಸ ಇನ್ನೂ ಸಿಕ್ಕಿಲ್ಲ. ದೊಡ್ಡ ವಿಮಾನಕ್ಕೆ ಬೇರೆ ತರಬೇತಿ ಬೇಕು, ಅದಕ್ಕೂ ಹಣ ಬೇಕು. ಬ್ಯಾಂಕಿನ ಕಂತು ತಿಂಗಳಿಗೆ ತಪ್ಪದೆ ಬರುತ್ತದೆ. ತೋಪು ಕೊಂಡವರು ಒಳ್ಳೆಯವರು, ಮರ ಕಡಿದಿಲ್ಲ, ವರ್ಷ ವರ್ಷ ಒಂದು ಬುಟ್ಟಿ ಬಾದಾಮಿ ಹಣ್ಣು ಕಳಿಸುತ್ತಾರೆ. ತಂಗಿ ಅದನ್ನು ಎಲ್ಲರಿಗೂ ಹಂಚುತ್ತಾಳೆ, ತಾನು ಬಾಯಿಗೆ ಇಡುವುದಿಲ್ಲ. ಅಜ್ಜಿ ಮಾತ್ರ ಸಿಪ್ಪೆಯವರೆಗೂ ಚೀಪಿ, ಮೊದಲಿನಷ್ಟು ಸಿಹಿ ಇಲ್ಲ ಎನ್ನುತ್ತಾರೆ.

ಹೋದ ತಿಂಗಳು ಆ ಶಾಲೆಯಿಂದ ಪುಟ್ಟಿಗೆ ಒಂದು ಪತ್ರ ಬಂದಿತ್ತು, ಕೆಳಗಿನ ವರ್ಷದ ಮೂವರು ಹುಡುಗಿಯರದು. ಮೂವರೂ ಗಿಡ್ಡ. ಒಬ್ಬಳಿಗೆ ಎರಡು ಇಂಚು, ಇನ್ನಿಬ್ಬರಿಗೆ ಮೂರು ಮೂರು, ಲಾಡಿ ಮೊದಲಿನದಕ್ಕಿಂತ ಉದ್ದವಾಗಿರಲಿ ಎಂದು ಬರೆದಿದ್ದಾರೆ. ತವರಿನ ಜಮಖಾನ ಮುಗಿದಿದೆ. ಮುಳಬಾಗಿಲಿನಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಅಟ್ಟದ ಮೇಲೆ ಒಂದಿದೆ, ಇಲಿ ಹೆಚ್ಚು ಕಡಿದಿಲ್ಲ, ಬಂದು ತೆಗೆದುಕೊಂಡು ಹೋಗಿ ಎಂದಿದ್ದಾರೆ.